ನಲವತ್ತು ನಿಮಿಷ, ಒಂದು ದಿನ

“ಪೆಟ್ಟಿಗೆ ಆಯ್ತು. ಈಗ ನೀವು ಹತ್ತಿ.”

“ನಾನಾ?!”

“ಮತ್ತೆ? ಸಣ್ಣ ವಿಮಾನ ಇದು. ಎಲ್ಲರನ್ನೂ ತೂಗಿಯೇ ಕೂರಿಸೋದು.”

ಆಪಿಯಾ ವಿಮಾನ ನಿಲ್ದಾಣದ ತೂಕದ ಯಂತ್ರ ಹತ್ತಿದ ಆ ಎತ್ತರದ ಹುಡುಗ ಪೇತೆಲೋ. ಕೌಂಟರಿನ ಹಿಂದಿದ್ದವಳು ಲಿಟಾರಾ.

“ನೂರಾ ಹದಿನೆಂಟು ಕಿಲೋ!” ಅಭ್ಯಾಸದಂತೆ ಗಟ್ಟಿಯಾಗಿ ಕೂಗಿದಳು. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

“ಊರಿಗೆಲ್ಲ ಸಾರಬೇಕಿತ್ತಾ? ಅಮ್ಮ ಬಡಿಸಿದ್ದನ್ನ ಬೇಡ ಅನ್ನೋಕಾಗತ್ತಾ?”

ಲಿಟಾರಾಳಿಗೂ ನಗು ತಡೆಯಲಾಗಲಿಲ್ಲ. ಅಯ್ಯೋ... ಇವನ್ಯಾಕೆ ಹೀಗೆ ನೋಡ್ತಿದಾನೆ?

ಪಕ್ಕದ ದ್ವೀಪದ ಊರು ಪಾಗೊ ಪಾಗೊದ ಮೀನಿನ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ನಡುವೆ ಸುಮಾರು ನೂರೈವತ್ತು ಕಿಲೋಮೀಟರು ಸಮುದ್ರ, ನಲವತ್ತು ನಿಮಿಷದ ಹಾರಾಟ. ಆಪಿಯಾದಲ್ಲಿದ್ದ ತಾಯಿಯನ್ನು ನೋಡಲು ತಿಂಗಳಿಗೊಮ್ಮೆ ಹಡಗಿನಲ್ಲಿ ಬರುತ್ತಿದ್ದವನು ಈಗ ವಿಮಾನದಲ್ಲೇ ಹದಿನೈದು ದಿನಕ್ಕೊಮ್ಮೆ ಬರತೊಡಗಿದ. ತೂಕದ ಯಂತ್ರದ ಮೇಲೆ ಪ್ರೀತಿ ಹುಟ್ಟುತ್ತದೆಯೇ ಎಂದು ನೀವು ನಗಬಹುದು. ನಗಿ! ಹುಟ್ಟಿದ್ದಂತೂ ಅಲ್ಲೇ.

ಒಂದು ದಿನ ಫೋನಿನಲ್ಲಿ ಹೇಳಿದ, “ಶನಿವಾರ ಬಂದು ನಿಮ್ಮಪ್ಪನ ಹತ್ರ ನಿನ್ನ ಕೇಳ್ತೀನಿ.”

ಅಪ್ಪ ಮನೆತನದ ಹಿರಿಯ, ಆಡಿದ ಮಾತು ಒಂದೇ. “ಬಂದ್ರೆ ಅವತ್ತೇ ಬರ್ಬೇಕು. ತಪ್ಪಿದ್ರೆ ಅವನ ಹೆಸರು ಈ ಮನೇಲಿ ಎತ್ತಬಾರದು.”

ಶನಿವಾರ ಬಿಸಿಕಲ್ಲಿನ ಒಲೆಯಲ್ಲಿ ಹಂದಿ ಬೆಂದಿತು. ನೆಂಟರು ಕಾದರು, ಉಂಡರು, ಎದ್ದು ಹೋದರು. ಪೇತೆಲೋ ಬರಲಿಲ್ಲ! ಲಿಟಾರಾ ನಾಲ್ಕು ಸಲ ಕರೆ ಮಾಡಿದರೂ ಅವನು ಫೋನೆತ್ತಲಿಲ್ಲ. ಕೊನೆಗೆ ಅವಳೇ ಫೋನು ಆರಿಸಿಟ್ಟು ಅತ್ತಳು.

ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕುಳಿತಿದ್ದಾರೆ, ಅಂಗಳದಲ್ಲಿ ಪೇತೆಲೋ! ತೋಳಲ್ಲಿ ಉಡುಗೊರೆಯ ನುಣುಪು ಚಾಪೆ.

“ಒಂದು ದಿನ ತಡ. ಹೋಗು,” ಅಪ್ಪ ತಲೆಯೆತ್ತಲಿಲ್ಲ.

“ಹಿರಿಯರೇ, ನಾನು ಶನಿವಾರಾನೇ ಹೊರಟಿದ್ದು! ನಿನ್ನೆ ನಮ್ಮಲ್ಲಿ ಶುಕ್ರವಾರ, ಕೆಲಸದಲ್ಲಿದ್ದೆ. ಕಾರ್ಖಾನೆ ಒಳಗೆ ಫೋನು ಬಿಡಲ್ಲ...”

ಲಿಟಾರಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಡುವಿನ ಕಡಲಲ್ಲೇ ದಿನ ಬದಲಾಗುವ ಅಂತರರಾಷ್ಟ್ರೀಯ ರೇಖೆ; ಎರಡೂ ಊರಿನ ಗಡಿಯಾರ ಒಂದೇ, ತಾರೀಖು ಮಾತ್ರ ಪಾಗೊ ಪಾಗೊದಲ್ಲಿ ಒಂದು ದಿನ ಹಿಂದೆ. ದಿನವೂ ಪ್ರಯಾಣಿಕರಿಗೆ ಅದನ್ನೇ ನೆನಪಿಸುವವಳು, ಯಾರ ಶನಿವಾರ ಎಂದು ಅವನನ್ನು ಕೇಳಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ!

ಅಪ್ಪ ಅಲುಗಾಡಲಿಲ್ಲ. ಪೇತೆಲೋ ಹೋಗಲೂ ಇಲ್ಲ. ಬಿಸಿಲಿನಲ್ಲೇ ಕುಳಿತು ಚಾಪೆಯನ್ನು ತಲೆಯ ಮೇಲೆ ಹೊದ್ದುಕೊಂಡ. ಆ ದ್ವೀಪಗಳಲ್ಲಿ ದೊಡ್ಡ ತಪ್ಪಿಗೆ ಕ್ಷಮೆ ಕೇಳುವವರು ಕೂರುವುದು ಹಾಗೆ. ಮನೆಯ ಹಿರಿಯನೇ ಬಂದು ಚಾಪೆ ಸರಿಸಿದರೆ ಕ್ಷಮೆ, ಇಲ್ಲವಾದರೆ ಇಲ್ಲ.

“ಕೊಲೆ ಮಾಡಿದೋರ ಹಾಗೆ ಕೂತಿದಾನಲ್ಲ!” ಅಪ್ಪ ಗೊಣಗಿದ.

“ತಪ್ಪು ನಂದೂ ಇದೆ ಅಪ್ಪ,” ಎಂದವಳೇ ಲಿಟಾರಾ ಹೋಗಿ ಅದೇ ಚಾಪೆಯೊಳಗೆ ನುಸುಳಿ ಕುಳಿತಳು.

“ನೀನ್ಯಾಕೆ ಬಂದೆ? ಬಿಸಿಲು...”

“ನೀನು ನನ್ನ ಬೇಡ ಅಂದ್ಬಿಟ್ಟೆ ಅಂತ ನಿನ್ನೆಯೆಲ್ಲ ಅತ್ತೆ ಕಣೋ.”

“ಹುಚ್ಚಿ! ನಿಮ್ಮಪ್ಪ ನಾಳೆವರೆಗೂ ಚಾಪೆ ತೆಗೀದಿದ್ರೂ ಇಲ್ಲೇ ಕೂರ್ತೀನಿ.”

“ಯಾರ ನಾಳೆ?”

ಇಬ್ಬರೂ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಮೇಲಿಂದ ಬೆಳಕು ಬಿತ್ತು. ಚಾಪೆ ಅಪ್ಪನ ಕೈಯಲ್ಲಿತ್ತು.

“ನಗ್ತಾ ಕ್ಷಮೆ ಕೇಳೋರನ್ನ ಇವತ್ತೇ ನೋಡಿದ್ದು. ಏಳಿ, ಊಟ ಆರ್ತಿದೆ. ಮದುವೆ ತಾರೀಖು ಮಾತ್ರ ನಮ್ಮೂರಿಂದು, ತಿಳೀತಾ?”

ಅಪ್ಪ ಒಳನಡೆದ. ಲಿಟಾರಾ ಏಳಲು ನೋಡಿ ತಡವರಿಸಿದಳು.

“ಕಾಲು ಜೋಮು ಹಿಡಿದಿದೆ... ಕೈ ಕೊಡು.”

“ಕೊಟ್ಟೆ. ಇನ್ನು ಬಿಡಲ್ಲ.”