ಮೂರನೇ ಸಾಲಿನ ಕಡೆಗೊಂದು ನೋಟ

ಚಪ್ಪಲಿಗೆ ಹಚ್ಚುವ ಅಂಟಿನ ವಾಸನೆ ಬಂದರೆ ಅವಳಿಗೆ ಬಾಲ್ಯವೇ ನೆನಪಾಗುತ್ತಿತ್ತು. ಶಾಲೆ ಶುರುವಾಗುವ ಹಿಂದಿನ ದಿನ ಅಪ್ಪ ಅವಳ ಹಳೆಯ ಶೂಗಳಿಗೆ ಹೊಸ ಅಟ್ಟೆ ಹಾಕಿಸುತ್ತಿದ್ದರು; ಅವಳು ದಾರಿಯುದ್ದಕ್ಕೂ ಅದನ್ನು ಮೂಸುತ್ತಾ ಬರುತ್ತಿದ್ದಳು.

ಕೇರಿಯ ತಿರುವಿನ ಶೂ ರಿಪೇರಿಯವನ ಮುಂದೆ ಅವಳ ಕಾಲು ಮೊದಲು ನಿಂತದ್ದು ಆ ವಾಸನೆಗೇ. ಆಮೇಲೆ ನೆಪ ಬೇಕಾಗಲಿಲ್ಲ. ಅವಳು ಕೇರಿಯವರಿಗೆ ಆರೋಗ್ಯದ ಪಾಠ ಹೇಳುವ ಕಾರ್ಯಕರ್ತೆ, ಅವನಿಗೆ ಕ್ಷಯ. ದಿನಾ ಬೀದಿ ಏಳುವ ಮೊದಲೇ ಕ್ಲಿನಿಕ್ಕಿನ ಹಿಂಬಾಗಿಲಿಗೆ ಬಂದು ಅವಳೆದುರೇ ಮಾತ್ರೆ ನುಂಗುತ್ತಿದ್ದ.

"ನುಂಗಿದ್ರಾ? ಬಾಯಿ ತೋರಿಸಿ."

"ಟೀಚರಮ್ಮ, ನೀವು ಮಾತ್ರೆ ಕೊಡೋಕೆ ಬರೋದೋ, ನನ್ನ ಹಲ್ಲು ಎಣಿಸೋಕೋ?"

ಎರಡು ತಿಂಗಳಿಂದ ಆ ಗುಟ್ಟು ಇಬ್ಬರದೇ ಆಗಿತ್ತು, ಇವತ್ತು ಮಧ್ಯಾಹ್ನದವರೆಗೆ.

ಕ್ಲಿನಿಕ್ಕಿನ ಅಂಗಳದಲ್ಲಿ ಚಿತ್ರಪಟ ಹಿಡಿದು ಅವಳು ಕೇರಿಯವರಿಗೆ ಪಾಠ ಮಾಡುತ್ತಿದ್ದಳು. "ಕ್ಷಯ ನಿಜವಾಗ್ಲೂ ವಾಸಿಯಾಗತ್ತಾ?" ಎಂದು ಯಾರೋ ಕೇಳಿದರು. "ಖಂಡಿತ ಆಗತ್ತೆ," ಎನ್ನುತ್ತಲೇ ಅವಳ ಕಣ್ಣು ಮೂರನೇ ಸಾಲಿನಲ್ಲಿದ್ದ ಅವನ ಮೇಲೆ ನಿಂತುಬಿಟ್ಟಿತು. ಜೊತೆಗೊಂದು ಸಣ್ಣ ನಗು. ಪಾಠದ ಹೊತ್ತಲ್ಲಿ ರೋಗಿಯ ಕಡೆ ನೋಡಬಾರದೆಂದು ತರಬೇತಿಯ ಮೊದಲ ದಿನವೇ ಹೇಳಿಕೊಟ್ಟಿದ್ದರು. ಮೂವತ್ತು ತಲೆಗಳು ಅವಳ ನೋಟದ ಹಿಂದೆಯೇ ತಿರುಗಿದವು. ಅವನ ಪಕ್ಕದವರು ಚಾಪೆ ಎಳೆದುಕೊಂಡು ದೂರ ಸರಿದರು.

ಅವನ ಬಾಡಿಗೆ ಕೋಣೆಗೆ ಅವಳು ಓಡಿಬಂದಾಗ ಅವನು ಸುತ್ತಿಗೆ, ದಬ್ಬಳ ಎಲ್ಲ ಚೀಲಕ್ಕೆ ತುಂಬುತ್ತಿದ್ದ.

"ಮನೆ ಓನರ್ ಅಜ್ಜಿ ಸಂಜೆಯೊಳಗೆ ಖಾಲಿ ಮಾಡು ಅಂದ್ರು. ಬೇರೆ ಊರಿಗೆ ಹೋಗ್ತೀನಿ."

"ಮಾತ್ರೆ?"

"ಕೆಮ್ಮು ನಿಂತಿದೆಯಲ್ಲ, ಸಾಕು. ಅಲ್ಲೂ ಯಾರಾದ್ರೂ ನನ್ನ ನೋಡಿ ನಗೋದು ಬೇಡ."

ಅವಳ ಎದೆಗೆ ನಾಟಿತು. "ಇನ್ನೂ ನಾಲ್ಕು ತಿಂಗಳಿದೆ. ಈಗ ಬಿಟ್ರೆ ರೋಗ ತಿರುಗಿ ಬೀಳತ್ತೆ. ಆಗ ಈ ಮಾತ್ರೆಗೂ ಬಗ್ಗಲ್ಲ."

"ಯಾಕ್ರೀ ನೋಡಿದ್ರಿ?" ಚೀಲ ಅವನ ಕೈಯಲ್ಲೇ ಉಳಿಯಿತು. "ಮೂವತ್ತು ಜನ ಇದ್ರಲ್ಲ!"

"ಇದ್ರಾ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಂಗೆ ಕಂಡಿದ್ದು ಒಬ್ಬರೇ. ದಿನಾ ಹಾಗೇ ಆಗತ್ತೆ. ತಪ್ಪು ನಂದು. ಆದ್ರೆ ನನ್ನ ಮೇಲಿನ ಕೋಪಾನ ಮಾತ್ರೆ ಮೇಲೆ ತೀರಿಸ್ಕೋಬೇಡಿ. ಯಾವ ಊರು ಹೇಳಿ, ಅಲ್ಲಿನ ಕ್ಲಿನಿಕ್ಕಿಗೆ ಚೀಟಿ ಬರ್ಕೊಡ್ತೀನಿ. ನನ್ನ ಮುಖ ನೋಡದಿದ್ರೂ ಸರಿ, ನೀವು ಚೆನ್ನಾಗಿರಿ."

ಅವಳು ಆಗಲೇ ಪೆನ್ನು ತೆಗೆದು ಚೀಟಿಯಲ್ಲಿ ಅವನ ಹೆಸರು ಬರೆದು, ಊರಿನ ಜಾಗ ಖಾಲಿ ಬಿಟ್ಟಿದ್ದಳು. ಅವನು ಅದನ್ನೇ ನೋಡುತ್ತಿದ್ದ.

"ಊರು ಯಾವುದು ಅಂತ ನಂಗೇ ಗೊತ್ತಿಲ್ಲ," ಎಂದ ಮೆಲ್ಲಗೆ. "ನೀವಿಲ್ಲದ ಊರು ಯೋಚಿಸೋಕೇ ಆಗ್ತಿಲ್ಲ."

ಬಾಗಿಲಲ್ಲಿ ಮನೆಯ ಅಜ್ಜಿ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. "ಏನಮ್ಮಾ, ಇವನದು ನಮಗೆ ಹರಡಲ್ವಾ?"

ಈ ಸಲ ಅವಳು ಬಾಯಿ ಬಿಡಲಿಲ್ಲ, ನೆಲ ನೋಡುತ್ತಾ ನಿಂತಳು.

"ಹೇಳಿ ಟೀಚರಮ್ಮ," ಅವನೇ ಅಂದ. "ಇನ್ನು ಮುಚ್ಚಿಡೋಕೆ ಏನುಳಿದಿದೆ?"

"ಹೋದ ವಾರದ ಪರೀಕ್ಷೆಯಲ್ಲಿ ಕಫದಲ್ಲಿ ರೋಗಾಣು ಕಂಡಿಲ್ಲ, ಅಜ್ಜಿ. ಮಾತ್ರೆ ತಪ್ಪಿಸದೆ ಇದ್ರೆ ಹರಡೋ ಭಯ ಇಲ್ಲ."

ಅಜ್ಜಿ ಅವನ ಚೀಲವನ್ನೊಮ್ಮೆ ನೋಡಿದರು. ತಿರುಗಿ ಹೋದರು. ಚೀಲದ ಬಾಯಿ ಇನ್ನೂ ತೆರೆದೇ ಇತ್ತು.

ಸ್ವಲ್ಪ ಹೊತ್ತಿಗೆ ಅಜ್ಜಿ ಮರಳಿ ಬಂದರು. ಹೊಸ್ತಿಲು ದಾಟಿ ಒಳಗೇ ಬಂದು, ಬಿಸಿ ಊಟದ ತಟ್ಟೆಯನ್ನು ಅವನ ಕೈಗೇ ಕೊಟ್ಟರು.