ನಾಲ್ಕರ ಮಗ್ಗಿಯ ನಾಡಿ

ಹಿಂಡಿದ ಬೆಡ್‌ಶೀಟಿನ ಒಂದು ತುದಿ ದಾದಿಯ ಕೈಯಲ್ಲಿ, ಇನ್ನೊಂದು ಅವಳ ಅತ್ತಿಗೆಯ ಕೈಯಲ್ಲಿ. ಕೊಡವುವಷ್ಟರಲ್ಲಿ ದಾದಿ ತುದಿಯನ್ನು ಕೈಬಿಟ್ಟಳು. ಅವಳ ಬಲಗೈ ಬೆರಳುಗಳು ತಾವಾಗಿಯೇ ಎಡ ಮಣಿಕಟ್ಟನ್ನು ಹಿಡಿದಿದ್ದವು.

"ಮತ್ತೆ ಬಂದ್ನಾ?"

"ಏಳನೇ ಹಾಸಿಗೆ. ನನ್ನ ಬೆರಳಿನ ಕೆಳಗೇ ಬಡ್ಕೋತಾನೆ, ಅತ್ತಿಗೆ. ನೂರಹದಿಮೂರು, ನೂರಿಪ್ಪತ್ತೊಂದು..."

ಒಂಬತ್ತು ವರ್ಷಗಳ ಹಿಂದೆ ಆ ಹಾಸಿಗೆಯ ರೋಗಿ ಮಧ್ಯಾಹ್ನ ಹನ್ನೆರಡಕ್ಕೆ ಸತ್ತಿದ್ದ. ನಾಡಿ ಏರುತ್ತಿದೆ ಎಂದು ಹತ್ತಕ್ಕೇ ಹೇಳಿದ್ದೆ ಎಂದಳು ದಾದಿ; ಹೇಳಲೇ ಇಲ್ಲ ಎಂದಳು ವಾರ್ಡಿನ ಮೇಲ್ವಿಚಾರಕಿ, ದೊಡ್ಡ ಸಿಸ್ಟರ್. ಚಾರ್ಟು ತೆಗೆದರೆ ಬೆಳಗಿನಿಂದ ಎಲ್ಲವೂ ಎಪ್ಪತ್ತರ ಆಸುಪಾಸು, ಸಾಲುಸಾಲಿಗೂ ದಾದಿಯ ಸಹಿ! ಕೆಲಸ ಹೋಯಿತು. ತನ್ನ ಬೆರಳುಗಳ ಮೇಲಿನ ನಂಬಿಕೆಯೂ ಹೋಯಿತು. ತಾನೇ ಕೊಂದೆನೇ?

ಅತ್ತಿಗೆ ಜನಗಣತಿ ಕಚೇರಿಯಲ್ಲಿ ಮೂವತ್ತು ವರ್ಷ ಸುಳ್ಳು ಅಂಕಿಗಳನ್ನು ಹೆಕ್ಕಿದವಳು. ಆಸ್ಪತ್ರೆಗೆ ಚಪ್ಪಲಿ ಸವೆಸಿ, ಆ ತಿಂಗಳ ಚಾರ್ಟುಗಳ ನಕಲು ತಂದಿದ್ದಳು. ಶೀಟನ್ನು ತಂತಿಗೆಸೆದು ಕಾಗದ ಬಿಡಿಸಿದಳು.

"ನಾಡಿ ಹೇಗೆ ಎಣಿಸ್ತಿದ್ದೆ?"

"ಪೂರ್ತಿ ಒಂದು ನಿಮಿಷ. ಆಮೆ ಅಂತ ನಗ್ತಿದ್ರು."

"ಸರಿ, ಆಮೆಯಮ್ಮ. ಬೇರೆ ರೋಗಿಗಳಿಗೆ ನೀನು ಬರೆದದ್ದು—ಅರವತ್ತೊಂದು, ಎಂಬತ್ಮೂರು, ತೊಂಬತ್ತು. ಏಳನೇ ಹಾಸಿಗೆಗೆ—ಎಪ್ಪತ್ತೆರಡು, ಎಪ್ಪತ್ತಾರು, ಅರವತ್ತೆಂಟು, ಎಂಬತ್ತು... ಒಟ್ಟು ಹನ್ನೆರಡು ಅಂಕಿ. ಏನು ಕಾಣ್ಸುತ್ತೆ?"

"ಗಟ್ಟಿಮುಟ್ಟಾದ ಮನುಷ್ಯ," ಎಂದಳು ದಾದಿ.

"ನಾಲ್ಕರ ಮಗ್ಗಿ ಕಣೇ! ಹನ್ನೆರಡೂ ನಾಲ್ಕರಿಂದ ಭಾಗವಾಗ್ತವೆ. ನಿಮಿಷಪೂರ್ತಿ ಎಣಿಸಿದ್ರೆ ನಾಲ್ಕು ಸಲಕ್ಕೆ ಒಂದ್ಸಲ ಹಾಗೆ ಬರಬಹುದು. ಸಾಲಾಗಿ ಹನ್ನೆರಡು? ಕೋಟಿಗೊಮ್ಮೆಯೂ ಇಲ್ಲ. ಆದ್ರೆ ಕಾಲು ನಿಮಿಷ ಎಣಿಸಿ—ಅದು ಎಕ್ಸ್ ಅಂತಿಟ್ಕೋ—ನಾಲ್ಕರಿಂದ ಗುಣಿಸಿದ್ರೆ? ಉತ್ತರ ಯಾವಾಗ್ಲೂ ನಾಲ್ಕು ಎಕ್ಸ್. ವಾರ್ಡಿನಲ್ಲಿ ಹಾಗೆ ಎಣಿಸ್ತಿದ್ದವರು ಯಾರು?"

ದಾದಿ ಕಾಗದದ ಅಂಕಿಗಳ ಮೇಲೆ ಬೆರಳಾಡಿಸಿದಳು.

"ದೊಡ್ಡ ಸಿಸ್ಟರ್. ಅವರಿಗೆ ಸದಾ ಆತುರ."

"ತಿಂಗಳ ಚಾರ್ಟೆಲ್ಲ ಜಾಲಾಡಿದೆ. ನಾಲ್ಕರ ಮಗ್ಗಿ ದಾಟದವಳು ಅವಳೊಬ್ಬಳೇ. ನೀನು ಹೇಳಿದ್ದೆ, ಅವಳು ಡಾಕ್ಟರನ್ನ ಕರೀಲಿಲ್ಲ. ಅವನು ಸತ್ತ ಮೇಲೆ ನಿನ್ನ ಚಾರ್ಟು ಹರಿದು ಹೊಸದು ಬರೆದಳು. ಸಹಿ ನಕಲು ಮಾಡಿದಳು, ಆದ್ರೆ ಸುಳ್ಳು ಬರೆಯುವಾಗ್ಲೂ ಕೈ ತನ್ನ ಅಭ್ಯಾಸ ಬಿಡಲಿಲ್ಲ."

"ಹಾಗಾದ್ರೆ ನನ್ನ ಬೆರಳು..."

"ನಿಜಾನೇ ಹೇಳಿದ್ವು."

ದಾದಿ ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ಹಳದಿಯಾದ ಕವರೊಂದನ್ನು ತಂದಳು. ಸತ್ತವನ ಮಗಳು ಆಗಲೇ ಬರೆದು ಕೇಳಿದ್ದಳು—ನೀವು ನಿಜಕ್ಕೂ ಅಪ್ಪನ ಕೈ ಹಿಡಿದು ನಾಡಿ ನೋಡಿದ್ದಿರಾ? ಹೌದು ಎಂದು ಅಂದೇ ಉತ್ತರ ಬರೆದಿದ್ದಳು ದಾದಿ. ತನ್ನನ್ನೇ ನಂಬಲಾರದೆ ಆ ಕವರನ್ನು ಕಳಿಸಿರಲಿಲ್ಲ.

ಒದ್ದೆ ಸೆರಗಿನಲ್ಲೇ ಬೀದಿಯ ತಿರುವಿನವರೆಗೆ ನಡೆದಳು. ಅಂಚೆಪೆಟ್ಟಿಗೆಯ ಬಾಯಿಗೆ ಕವರು ಹಾಕಿದಳು. ಅದು ಒಳಗೆ ಬಿದ್ದ ಸದ್ದು ಕೇಳಿಸಿದ ಮೇಲೂ ಅಲ್ಲೇ ನಿಂತಿದ್ದಳು.