ಗಾಜಿನ ಕಪಾಟಿನ ಪೋಲಿಷ್ ಟ್ಯಾಂಕು

2025ರ ಫೆಬ್ರವರಿ 10, ಸೋಮವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮದ್ದೂರು ಠಾಣೆಗೆ ಬಂದ ಜಯಪ್ರಕಾಶ್, ಕುರ್ಚಿ ಎಳೆದುಕೊಳ್ಳುವ ಮೊದಲೇ ತಮ್ಮ ಮನೆಯಿಂದ ಟ್ಯಾಂಕ್ ಕಳವಾಗಿದೆ ಎಂದರು. ಹೆಡ್ ಕಾನ್‌ಸ್ಟೆಬಲ್ ಚಿಕ್ಕಬೋರಯ್ಯ ನೀರಿನ ಟ್ಯಾಂಕ್ ಎಂದೇ ತಿಳಿದು, ಎಷ್ಟು ಲೀಟರಿನದು ಎಂದು ಕೇಳಿ ಪೆನ್ನು ತೆಗೆದರು. ಜಯಪ್ರಕಾಶ್ ಮೊಬೈಲಿನಲ್ಲಿ ಫೋಟೊ ತೋರಿಸಿದ ಮೇಲೆ ಪೆನ್ನು ಹಾಗೇ ನಿಂತಿತು.

ಪಕ್ಕದ ಮೇಜಿನಿಂದ ಎದ್ದು ಬಂದ ಸಬ್ ಇನ್‌ಸ್ಪೆಕ್ಟರ್ ನಾಗಶ್ರೀ ಫೋಟೊ ನೋಡಿದರು. ಅಂಗೈಯಗಲದ ಯುದ್ಧದ ಟ್ಯಾಂಕು. ಹಸಿರು, ಮರಳು, ಕಂದು ಬಣ್ಣದ ಪಟ್ಟೆಗಳು, ಮೇಲೆ ಫಿರಂಗಿ ಕೂರಿಸಿದ ಪುಟ್ಟ ಗೋಪುರ. 1939ರಲ್ಲಿ ಜರ್ಮನಿ ಪೋಲೆಂಡಿನ ಮೇಲೆ ನುಗ್ಗಿದಾಗ ಪೋಲೆಂಡಿನವರು ಎದುರು ನಿಲ್ಲಿಸಿದ ಟ್ಯಾಂಕಿನ ಮಾದರಿ ಇದು, ಹೆಸರು ಸೆವೆನ್ ಟಿಪಿ, ಅಸಲಿಯ ಮೂವತ್ತೈದರಲ್ಲಿ ಒಂದು ಪಾಲಿನ ಅಳತೆ ಎಂದು ಜಯಪ್ರಕಾಶ್ ವಿವರಿಸಿದರು. ಪ್ಲಾಸ್ಟಿಕ್ ಬಿಡಿಭಾಗಗಳ ಕಿಟ್ ತರಿಸಿ, ಕತ್ತರಿಸಿ, ಅಂಟಿಸಿ, ಬಣ್ಣ ಹಾಕಿ ಮಾಡುವ ಕೆಲಸ. ಬರುವ ಭಾನುವಾರ ಮಂಡ್ಯದಲ್ಲಿ ಮಾದರಿಗಳ ಪ್ರದರ್ಶನವಿದೆ, ಅಷ್ಟರೊಳಗೆ ಅದು ಸಿಗಬೇಕು ಎಂದರು.

"ಮಾಡಿದ್ದು ಯಾರು?"

"ನಾನೇ. ಎಂಟು ವರ್ಷದಿಂದ ಮಾಡ್ತಿದ್ದೀನಿ."

"ಯಾರ ಮೇಲಾದ್ರೂ ಅನುಮಾನ ಇದೆಯಾ?"

ಕೇಳುವುದನ್ನೇ ಕಾಯುತ್ತಿದ್ದವರಂತೆ ಅವರು ಎರಡು ಹೆಸರು ಹೇಳಿದರು. ಒಂದು, ಮನೆಗೆಲಸದ ಮಂಚಮ್ಮ. ಇನ್ನೊಂದು, ಶಿವನಸಮುದ್ರದ ವಿದ್ಯುದಾಗಾರದಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಈಗ ಮಳವಳ್ಳಿಯಲ್ಲಿರುವ ಮರಿಸಿದ್ದಯ್ಯ. ಅವರಿಗೂ ಇದೇ ಹವ್ಯಾಸ. ಹೋದ ವರ್ಷದ ಪ್ರದರ್ಶನದಲ್ಲಿ ಇಬ್ಬರಿಗೂ ಜಗಳವಾಗಿತ್ತು. ನಿನ್ನೆ, ಭಾನುವಾರ, ಮನೆಯವರೆಲ್ಲ ಮೈಸೂರಿಗೆ ಮದುವೆಗೆ ಹೋಗಿದ್ದಾಗ ಕಳವಾಗಿದೆ ಎಂದು ಬರೆಸಿ ಸಹಿ ಹಾಕಿದರು. ಅಪರಾಧ ಸಂಖ್ಯೆ 47/2025, ಭಾರತೀಯ ನ್ಯಾಯ ಸಂಹಿತೆ ಕಲಂ 305 ಮತ್ತು 331ರ ಅಡಿ ಎಫ್‌ಐಆರ್ ದಾಖಲಾಯಿತು. ಅದರ ಪ್ರತಿ ಮುದ್ರಣವಾಗುವಷ್ಟರಲ್ಲಿ, ಕೇಸನ್ನು ಸ್ವಲ್ಪ ಬೇಗ ನೋಡಿ ಎಂದು ಮೇಲಿನಿಂದ ಎರಡು ಫೋನು ಬಂದವು.

ಹನ್ನೆರಡೂವರೆಗೆ ಸ್ಥಳ ಪಂಚನಾಮೆ. ಮಹಡಿಯ ಕೋಣೆಯಲ್ಲಿ ಗೋಡೆಯುದ್ದದ ಗಾಜಿನ ಕಪಾಟು, ಅದರೊಳಗೆ ಎಂಟು ಟ್ಯಾಂಕುಗಳು, ನಡುವೆ ಒಂದು ಖಾಲಿ ಜಾಗ. ಪ್ರತಿಯೊಂದರ ಮುಂದೆಯೂ ಜಯಪ್ರಕಾಶರ ಹೆಸರು ಕೊರೆದ ಹಿತ್ತಾಳೆ ಫಲಕ. ಕಪಾಟಿನ ಬೀಗ ಒಡೆದಿರಲಿಲ್ಲ. ಬೀಗ ಕೂರಿಸಿದ ಸ್ಕ್ರೂಗಳನ್ನು ಬಿಚ್ಚಿ, ಕೆಲಸ ಮುಗಿದ ಮೇಲೆ ಮತ್ತೆ ಬಿಗಿದಿದ್ದರು. ಹಿತ್ತಲ ಬಾಗಿಲ ಬೀಗವೂ ಗಟ್ಟಿಯಾಗಿತ್ತು. ಆದರೆ ಕೀಲುಗಳ ಸುತ್ತ ಬಣ್ಣ ಬಿರುಕು ಬಿಟ್ಟಿತ್ತು. ಕೀಲಿನ ಪಿನ್ನುಗಳನ್ನು ಎತ್ತಿ, ಬಾಗಿಲನ್ನೇ ಸರಿಸಿ ಒಳಬಂದು, ಹೋಗುವಾಗ ಪಿನ್ನುಗಳನ್ನು ಇದ್ದಂತೆಯೇ ಇಳಿಸಿದ್ದರು.

ಕಳ್ಳ ಇಷ್ಟು ಮರ್ಯಾದೆಯಿಂದ ಮನೆ ಹೊಕ್ಕಿದ್ದನ್ನು ನಾಗಶ್ರೀ ಈ ಹಿಂದೆ ಕಂಡಿರಲಿಲ್ಲ. ಖಾಲಿ ಜಾಗದ ಪಕ್ಕದ ಟ್ಯಾಂಕಿನ ಮೇಲೆ ಕೂದಲಿಗಿಂತ ತುಸು ದಪ್ಪದ ಆಂಟೆನಾ ಇತ್ತು. ಅದೂ ಮುರಿದಿರಲಿಲ್ಲ.

ಕೆಲಸದ ಮೇಜಿನ ಮುಂದೆ ಗಿಡ್ಡ ಸ್ಟೂಲು. ಬ್ಲೇಡು, ಚಿಮಟ, ಲೋಹ ಉಜ್ಜುವ ಅರಗಳೆಲ್ಲ ಎಡಕ್ಕೆ, ದೀಪ ಬಲಕ್ಕೆ. ಇದು ಎಡಚನ ಮೇಜು. ಆರಡಿ ಎತ್ತರದ ಜಯಪ್ರಕಾಶ್ ಆ ಸ್ಟೂಲಿನಲ್ಲಿ ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ಬೆಳಿಗ್ಗೆ ದೂರಿಗೆ ಅವರು ಸಹಿ ಹಾಕಿದ್ದು ಬಲಗೈಯಲ್ಲಿ. ನಾಗಶ್ರೀ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

ಮಧ್ಯಾಹ್ನ ಮೂರಕ್ಕೆ ಮಂಚಮ್ಮನನ್ನು ಠಾಣೆಗೆ ಕರೆಸಿದರು. ಚಿಕ್ಕಬೋರಯ್ಯ ತಿರುಗಿಸಿ ಮುರುಗಿಸಿ ಅದನ್ನೇ ಕೇಳಿದರು. ಹೆದರಿ ಸೆರಗು ಹಿಂಡುತ್ತಿದ್ದ ಆಕೆಗೆ ಕೊನೆಗೆ ಸಿಟ್ಟೇ ಬಂತು.

"ನನ್ನೇ ಯಾಕ್ ಇಡ್ಕಂಡಿದ್ದೀರಿ? ಬಾನ್ವಾರ ಬಾನ್ವಾರ ಮಾದೇವು ಬತ್ತಾನಲ್ಲ, ಅವ್ನ ಕೇಳ್ರಪ್ಪ."

"ಯಾವ ಮಾದೇವು?" ಎಂದರು ನಾಗಶ್ರೀ.

"ಗೆಜ್ಜಲಗೆರೆ ಪ್ಯಾಕ್ಟ್ರಿಯೋನು ಕಣಮ್ಮ. ಇತ್ತಲ ಬಾಗ್ಲಿಂದ ಬತ್ತಾನೆ, ಅಲ್ಲಿಂದ್ಲೇ ಓಯ್ತಾನೆ. ಬೆಳುಗ್ಗೆಯಿಂದ ಸಂಜೆಗಂಟ ಆ ಕೋಣೇಲೇ ಕುಂತಿರ್ತಾನೆ. ಅವ್ನಿಗೆ ಕಾಪಿ ಪೇಪರ್ ಲೋಟ್ದಲ್ಲೇ ಕೊಡ್ಬೇಕು ಅಂತ ಯಜಮಾನ್ರು ಯೋಳವ್ರೆ."

ನಾಗಶ್ರೀ ಆಕೆಯನ್ನು ಮನೆಗೆ ಕಳಿಸಿ ಜಯಪ್ರಕಾಶರಿಗೆ ಫೋನ್ ಮಾಡಿದರು. ಮಹದೇವು ಯಾರು ಎಂದು ವಿಚಾರಿಸಿದರು. ಅವನು ಧೂಳು ಒರೆಸಲು ಬರುವವನು, ನೆನಪಾಗಲಿಲ್ಲ ಎಂದು ಜಯಪ್ರಕಾಶ್ ಹೇಳಿದರು. ಮನೆಗೆ ಬಂದುಹೋಗುವವರ ಪಟ್ಟಿಯಲ್ಲಿ ಹಾಲಿನವನನ್ನೂ ಪೇಪರಿನವನನ್ನೂ ನೆನಪಿಟ್ಟು ಬರೆಸಿದ ಮನುಷ್ಯ, ವಾರಕ್ಕೊಮ್ಮೆ ಅದೇ ಕೋಣೆಯಲ್ಲಿ ದಿನವಿಡೀ ಕೂರುವವನನ್ನು ಮರೆಯುವುದುಂಟೆ? ದೂರುದಾರರೇ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಅಲ್ಲಿಂದ ಶುರುವಾಯಿತು.

ಮಂಗಳವಾರ ಮಳವಳ್ಳಿಯಲ್ಲಿ ಆ ಅನುಮಾನ ಇನ್ನಷ್ಟು ಬಲಿಯಿತು. ಮರಿಸಿದ್ದಯ್ಯ ಜಗಲಿಯಲ್ಲಿ ಕೂತು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಇನ್ನೊಂದು ಪೋಲಿಷ್ ಟ್ಯಾಂಕಿಗೆ ಚಕ್ರ ಅಂಟಿಸುತ್ತಿದ್ದರು. ಭಾನುವಾರ ತಾವು ಶಿವನಸಮುದ್ರದಲ್ಲಿ ಹಳೇ ಸಹೋದ್ಯೋಗಿಯ ಮನೆಯ ಗೃಹಪ್ರವೇಶದಲ್ಲಿ ಊಟ ಬಡಿಸುತ್ತಿದ್ದುದಾಗಿ ಹೇಳಿ, ಫೋಟೊಗಳನ್ನೂ ತೋರಿಸಿದರು. ಜಗಳ ಯಾಕಾಯಿತು ಎಂದು ನಾಗಶ್ರೀ ಕೇಳಿದರು.

"ಅದು ನಿಮ್ಮ ಕೈ ಕೆಲಸ ಅಲ್ಲ ಅಂದೆ. ಅಷ್ಟಕ್ಕೇ ಕೊರಳಪಟ್ಟಿ ಇಡ್ದ್ರು. ಅರ ಇಡಿಯೋದ ಕಲಿತೋನು ಮಾಡಿರೋ ಕೆಲಸ ಅದು ಮೇಡಂ. ನನ್ನಂಗೆ ಟೈಂಪಾಸಿಗೆ ಮಾಡೋರ ಕೈಲಾಗಲ್ಲ."

ಹೊರಡುವಾಗ ಅವರು ಇನ್ನೊಂದು ವಿಷಯ ಹೇಳಿದರು. ಈ ಸಲದ ಪ್ರದರ್ಶನದಲ್ಲಿ ಹೊಸ ನಿಯಮ ಮಾಡಿದ್ದಾರೆ. ಮಾದರಿ ಇಟ್ಟವರು ಜನರೆದುರು ಒಂದು ಗಂಟೆ ಕೂತು ಕೆಲಸ ಮಾಡಿ ತೋರಿಸಬೇಕು.

ಜೀಪಿನಲ್ಲಿ ನಾಗಶ್ರೀ ಆ ಮಾತನ್ನೇ ಮೆಲುಕು ಹಾಕಿದರು. ಟ್ಯಾಂಕು ಕಳವಾದರೆ ಜಯಪ್ರಕಾಶ್ ಪ್ರದರ್ಶನಕ್ಕೆ ಹೋಗಬೇಕಾಗಿಲ್ಲ, ಎಲ್ಲರೆದುರು ಕೂರಬೇಕಾಗಿಲ್ಲ, ಮಾನವೂ ಉಳಿಯುತ್ತದೆ. ಹಾಗಾದರೆ ಬಾಗಿಲ ಕೀಲು ಬಿಚ್ಚಿಸಿದ್ದು ಅವರೇ ಇರಬಹುದೆ? ಚಿಕ್ಕಬೋರಯ್ಯ ಅಂತೂ, ಕಳ್ಳಮಾಲು ಅವರ ಮಂಚದ ಕೆಳಗೇ ಸಿಗುತ್ತದೆ ಎಂದು ತೀರ್ಮಾನಿಸಿಬಿಟ್ಟರು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಗೆಜ್ಜಲಗೆರೆ. ಕಾರ್ಖಾನೆಯ ಮೇಲ್ವಿಚಾರಕರು ಹಾಜರಿ ಪುಸ್ತಕ ತೆರೆದರು. ಮಹದೇವು, ಫಿಟ್ಟರ್, ಹದಿನಾಲ್ಕು ವರ್ಷದ ಸರ್ವೀಸು, ಎಡಚ. ಕೂದಲೆಳೆಯ ವ್ಯತ್ಯಾಸವನ್ನೂ ಬೆರಳಲ್ಲೇ ಹೇಳುತ್ತಾನೆ ಎಂದು ಅವರು ಹೊಗಳಿದರು. ರಜೆ ಎಂದರೇನೆಂದೇ ಗೊತ್ತಿಲ್ಲದವನು ಸೋಮವಾರದಿಂದ ಬಂದಿರಲಿಲ್ಲ. ಊರು ಮಂಡ್ಯ ತಾಲ್ಲೂಕಿನ ಕೆರಗೋಡು.

ಹನ್ನೊಂದೂ ಕಾಲಿಗೆ ಜೀಪು ಕೆರಗೋಡಿನಲ್ಲಿ ನಿಂತಾಗ, ಮನೆಯಲ್ಲಿದ್ದವರು ಮಹದೇವುವಿನ ತಾಯಿ ದೇವಿರಮ್ಮ ಒಬ್ಬರೇ. ಗೋಡೆಯ ಮೇಲೆ ಬುದ್ಧನ ಫೋಟೊ, ಕೆಳಗೆ ಸಾಲಾಗಿ ನೇತುಹಾಕಿದ ಅರಗಳು. ಪೊಲೀಸರನ್ನು ಕಂಡು ಮುದುಕಿ ಗಾಬರಿಯಾಗಲಿಲ್ಲ.

"ಎಲ್ಡ್ ದಿನ್ದಿಂದ ಒಪ್ಸಿ ಒಪ್ಸಿ, ಇವತ್ತು ಮಗೀನ ಕರ್ಕಂಡು ಇಸ್ಕೂಲ್ಗೆ ಓದ ಕಣಮ್ಮ. ಮೂರು ವಾರಾಯ್ತು, ಅದು ಇಸ್ಕೂಲ್ ಮೆಟ್ಲು ತುಳಿದು."

ಶಾಲೆ ನಾಲ್ಕು ಹೆಜ್ಜೆ ದೂರ. ಆರನೇ ತರಗತಿಯ ಬಾಗಿಲಲ್ಲಿ ನಾಗಶ್ರೀ ಕೈಯೆತ್ತಿ ಚಿಕ್ಕಬೋರಯ್ಯನವರನ್ನು ತಡೆದರು. ಶಿಕ್ಷಕಿಯ ಮೇಜಿನ ಮೇಲೆ ಟ್ಯಾಂಕು ಇತ್ತು. ಅದರ ಪಕ್ಕ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಕುಳ್ಳನೆಯ ಗಂಡಸು, ಅವನ ಬೆನ್ನಿಗಂಟಿ ನಿಂತ ಹುಡುಗಿ. ಶಿಕ್ಷಕಿ ಮೋಹಿನಿ ಮುಜುಗರದಿಂದ ಏನೋ ಹೇಳುತ್ತಿದ್ದರು. ನೀವೇ ಮಾಡಿದ್ದು ಅಂತ ಹೇಗೆ ನಂಬೋದು, ಅಂಗಡಿಯಿಂದ ತಂದರೂ ಹೀಗೇ ಇರುತ್ತದಲ್ಲ ಎಂಬುದು ಅವರ ಮಾತಿನ ಸಾರ. ಮಕ್ಕಳಲ್ಲಿ ಕೆಲವರು ಕಿಸಕ್ಕನೆ ನಕ್ಕರು. ಹುಡುಗಿ ತಲೆ ಎತ್ತಲಿಲ್ಲ.

ಖಾಕಿ ಕಂಡ ಮಹದೇವು ಓಡಲಿಲ್ಲ. ಜೇಬಿನಿಂದ ಬಟ್ಟೆ ತೆಗೆದು ಕೈ ಒರೆಸಿಕೊಂಡ.

"ನಾನೇ ತಂದಿದ್ದು ಮೇಡಂ. ಬರೋ ಬಾನ್ವಾರ ವಾಪಸ್ ಇಡೋನಿದ್ದೆ."

ಮಕ್ಕಳನ್ನು ಅಂಗಳಕ್ಕೆ ಕಳಿಸಿದರು. ಜಪ್ತಿ ಪಂಚನಾಮೆಗೆ ಶಿಕ್ಷಕಿ ಮೋಹಿನಿ ಮತ್ತು ಗ್ರಾಮ ಪಂಚಾಯ್ತಿಯ ನೀರಗಂಟಿ ಪಂಚರಾದರು. ಚಿಕ್ಕಬೋರಯ್ಯ ಮೊಬೈಲಿನಲ್ಲಿ ವಿಡಿಯೊ ಮಾಡುತ್ತ ನಿಂತರು. ಮಾಲು ಗುರುತಿಸಲು ಕರೆಸಿದ ಜಯಪ್ರಕಾಶ್ ಒಂದೂ ಹತ್ತಕ್ಕೆ ಕಾರಿನಲ್ಲಿ ಬಂದರು. ಟ್ಯಾಂಕು ತಮ್ಮದೇ ಎಂದು ಗುರುತಿಸಿದರು, ಮಹದೇವು ಕಡೆ ತಿರುಗಿಯೂ ನೋಡಲಿಲ್ಲ.

"ಇದರ ಒಳಗೆ ಏನಿದೆ ಸರ್?" ನಾಗಶ್ರೀ ಕೇಳಿದರು.

"ಏನೂ ಇಲ್ಲ. ಖಾಲಿ. ಗೋಪುರ ಅಂಟಿಸಿದೆ, ತಿರುಗಿಸಬೇಡಿ, ಮುರಿಯುತ್ತೆ."

"ಮಹದೇವು?"

"ಎಡಕ್ಕೆ ಕಾಲು ಸುತ್ತು ತಿರುಗ್ಸಿ, ಮೇಲಕ್ಕೆತ್ತಿ ಮೇಡಂ. ಬತ್ತದೆ."

ನಾಗಶ್ರೀ ಎರಡು ಬೆರಳಲ್ಲಿ ತಿರುಗಿಸಿ ಎತ್ತಿದರು. ಗೋಪುರ ಸದ್ದಿಲ್ಲದೆ ಕೈಗೆ ಬಂತು. ಒಳಗೆ ಪುಟ್ಟ ಎಂಜಿನ್ನು, ಮೋಟಾರು ಸುತ್ತುವ ತಾಮ್ರದ ತಂತಿಯಿಂದ ಮಾಡಿದ ಕೊಳವೆಗಳು, ಗುಂಡುಗಳ ಸಾಲು. ಮುಂದೆ, ಬೆಳಕೇ ಬೀಳದ ಮೂಲೆಯಲ್ಲಿ, ಅಕ್ಕಿಕಾಳಿನಷ್ಟು ತಲೆಯ ಒಬ್ಬ ಚಾಲಕ. ಹಿತ್ತಾಳೆಯನ್ನು ಅರದಲ್ಲಿ ಉಜ್ಜಿ ಮಾಡಿದವನು. ಮೋಹಿನಿ ಮೊಬೈಲಿನ ಬೆಳಕು ಹಿಡಿದು ಬಗ್ಗಿ ನೋಡಿದರು.

"ಯಾರಿಗೂ ಕಾಣಲ್ಲವಲ್ಲ, ಇವನನ್ನು ಯಾಕೆ ಮಾಡಿದೆ?" ಎಂದರು ನಾಗಶ್ರೀ.

"ಗಾಡಿ ಓಡ್ಸಕ್ಕೆ ಒಬ್ಬ ಬೇಕಲ್ವಾ ಮೇಡಂ."

ಉಳಿದದ್ದನ್ನು ಅವನು ಹೇಳಿಕೆಯಲ್ಲಿ ಕೊಟ್ಟ. ಎಂಟು ವರ್ಷದಿಂದ ಕಪಾಟಿನ ಒಂಬತ್ತೂ ಟ್ಯಾಂಕುಗಳನ್ನು ಮಾಡಿದವನು ಅವನೇ. ಹಿತ್ತಾಳೆ ಫಲಕದ ಬಗ್ಗೆ ಅವನಿಗೆ ತಕರಾರಿರಲಿಲ್ಲ. ಅಂಥ ಕಿಟ್ಟುಗಳನ್ನು ಮುಟ್ಟಲು ಸಿಕ್ಕಿದ್ದೇ ಸಾಕಾಗಿತ್ತು. ಜನವರಿಯಲ್ಲಿ ಇದೇ ಶಾಲೆಯ ಮಕ್ಕಳನ್ನು ಜಯಪ್ರಕಾಶರ ಕೋಣೆ ನೋಡಲು ಕರೆದೊಯ್ದಿದ್ದರು. ಅವನ ಮಗಳು ಗಗನ, ಇವೆಲ್ಲ ನಮ್ಮಪ್ಪ ಮಾಡಿದ್ದು ಎಂದು ಗೆಳತಿಯರಿಗೆ ಹೇಳಿದಳು. ಜಯಪ್ರಕಾಶ್ ನಕ್ಕು, ನಿಮ್ಮಪ್ಪ ಇವುಗಳ ಧೂಳು ಒರೆಸೋನು ಕಣಮ್ಮ ಎಂದರು. ಸುಳ್ಳು ಹೇಳಿದ್ದಕ್ಕೆ ಎಲ್ಲರೆದುರು ಅವಳಿಂದ ಕ್ಷಮೆ ಕೇಳಿಸಲಾಯಿತು. ಮರುದಿನದಿಂದ ಅವಳು ಶಾಲೆಗೆ ಹೋಗಲಿಲ್ಲ. ಒಂದೇ ಒಂದು ದಿನಕ್ಕೆ ಈ ಟ್ಯಾಂಕು ಕೊಡಿ ಎಂದು ಮಹದೇವು ಕೇಳಿದ್ದ. ಜಯಪ್ರಕಾಶ್ ಕೊಟ್ಟಿರಲಿಲ್ಲ.

ಕ್ಷಮೆ ಕೇಳಿಸಿದ್ದು ತಾನೇ ಎಂದು ಮೋಹಿನಿ ಯಾರೂ ಕೇಳದೆಯೇ ಹೇಳಿದರು.

ಜಯಪ್ರಕಾಶ್ ಪಂಚನಾಮೆ ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. "ಆರೋಪಿಯು ತಾನೇ ತಯಾರಿಸಿದ ಸದರಿ ಮಾದರಿಯ ಗೋಪುರವನ್ನು ತೆಗೆಯುವ ಬಗೆ ತಿಳಿಸಿದ್ದು, ಅದರಂತೆ ತೆಗೆಯಲಾಗಿ" ಎಂದಿತ್ತು.

"'ತಾನೇ ತಯಾರಿಸಿದ' ಅನ್ನೋದನ್ನ ತೆಗೆಸಿ. ಮಾಡಿದ್ದು ಯಾರಾದ್ರೇನು, ಕಿಟ್ಟು ನಂದು. ಕದ್ದಿದ್ದು ಕದ್ದಿದ್ದೇ."

"ಕದ್ದಿದ್ದು ಹೌದು ಸರ್, ಅದಕ್ಕೇ ಅರೆಸ್ಟ್ ಮಾಡ್ತಿರೋದು. ಇದು ಪಂಚರ ಮುಂದೆ ನಡೆದಿರೋದು, ತೆಗೆಯೋಕೆ ಬರಲ್ಲ."

ಜಯಪ್ರಕಾಶ್ ಫೋನ್ ತೆಗೆದುಕೊಂಡು ಹೊರಗೆ ಹೋದರು. ಇನ್ನು ಎಷ್ಟು ಫೋನು ಬರಬಹುದೆಂದು ನಾಗಶ್ರೀಗೆ ಗೊತ್ತಿತ್ತು. ಮೋಹಿನಿ ಅಂಗಳದಿಂದ ಮಕ್ಕಳನ್ನು ಒಳಗೆ ಕರೆದರು. ಸಹಿ ಮಾಡುವ ಮೊದಲು ಓದಬೇಕಲ್ಲವೆ ಎಂದು, ಪಂಚನಾಮೆಯನ್ನು ಪಾಠ ಓದುವ ದನಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದರು. ಆ ಸಾಲು ಬಂದಾಗ ತಡೆದು, ಇನ್ನೊಮ್ಮೆ ಓದಿದರು. ಗಗನ ಗೋಡೆಗೊರಗಿ ನಿಂತು ಕೇಳುತ್ತಿದ್ದಳು. ಯಾರೂ ನಗಲಿಲ್ಲ.

ಎರಡೂ ನಲವತ್ತಕ್ಕೆ ದಸ್ತಗಿರಿ. ಎಡಗೈಯಲ್ಲಿ ಸಹಿ ಮಾಡಿ ಮಹದೇವು ಜೀಪು ಹತ್ತಿದ. ಕಡತದಲ್ಲಿ ಕಳವಿನ ಉದ್ದೇಶ ಬರೆಯುವ ಕಡೆ, ಸ್ವಂತ ಲಾಭಕ್ಕಾಗಿ ಎಂದು ಚಿಕ್ಕಬೋರಯ್ಯ ಅಭ್ಯಾಸಬಲದಿಂದ ಬರೆದುಬಿಟ್ಟಿದ್ದರು. ನಾಗಶ್ರೀ ಅದನ್ನು ಹೊಡೆದುಹಾಕಿ, ತಮ್ಮ ಕೈಯಾರೆ ಬರೆದರು. "ಮಗಳು ಸುಳ್ಳು ಹೇಳಿಲ್ಲವೆಂದು ತೋರಿಸಲು."